ಎಷ್ಟನೆಯ ಹೊಲಿಗೆ ಯಂತ್ರಕ್ಕೆ ಮನೆ ಕಾರ್ಖಾನೆಯಾಗುತ್ತದೆ?

ವಸತಿ ಬೀದಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ. ಮನೆಯಾಕೆ ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಾರೆ. ಯಾರಿಗೂ ತಕರಾರಿಲ್ಲ, ಎಲ್ಲರಿಗೂ ಅನುಕೂಲ. ಕೈಗುಣ ಚೆನ್ನಾಗಿರುವುದರಿಂದ ಕೆಲಸ ಹೆಚ್ಚುತ್ತದೆ. ಸಹಾಯಕ್ಕೆ ಒಬ್ಬರು ಬರುತ್ತಾರೆ. ಮನೆಬಳಕೆಯ ಯಂತ್ರದ ಪಕ್ಕದಲ್ಲಿ ದೊಡ್ಡ ಮೋಟಾರಿನ ಯಂತ್ರವೊಂದು ಬಂದು ಕೂರುತ್ತದೆ, ಕೆಲವು ತಿಂಗಳಿಗೆ ಇನ್ನೊಂದು. ಆಮೇಲೆ ಸಿದ್ಧ ಉಡುಪಿನ ಗುತ್ತಿಗೆ ಸಿಗುತ್ತದೆ. ಕೆಳಗಿನ ಕೋಣೆಯ ಮಂಚ ಮಹಡಿಗೆ ಹೋಗಿ ಅಲ್ಲಿ ಬಟ್ಟೆ ಕತ್ತರಿಸುವ ಮೇಜು ಬರುತ್ತದೆ. ಮೂರನೆಯ ವರ್ಷಕ್ಕೆ ಹನ್ನೆರಡು ಯಂತ್ರ, ಹದಿನೈದು ಕೆಲಸಗಾರರು. ಮೆಟ್ಟಿಲ ಮೇಲೆಲ್ಲ ಬಟ್ಟೆಯ ಗಂಟುಗಳು. ಬೆಳಗಿನ ಐದೂವರೆಗೆ ಸರಕು ವಾಹನ ಗೇಟಿನ ತನಕ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಪಕ್ಕದ ಮನೆಯವರು ತಮ್ಮ ಗೋಡೆಗೆ ಅಂಗೈ ಇಟ್ಟರೆ ಅದು ಸಣ್ಣಗೆ ಅದುರುವುದು ತಿಳಿಯುತ್ತದೆ.

ಈ ಮನೆ ನಿಯಮ ಮುರಿದದ್ದು ಯಾವತ್ತು? ಎಷ್ಟನೆಯ ಯಂತ್ರಕ್ಕೆ?

ವಸತಿ ಪ್ರದೇಶಗಳಲ್ಲಿ ವಲಯ ನಿಯಮ ಜಾರಿ ಮಾಡುವ ಕಷ್ಟವೆಲ್ಲ ಈ ಪ್ರಶ್ನೆಯಲ್ಲೇ ಅಡಗಿದೆ. ‘ಇಲ್ಲಿ ಮನೆ, ಅಲ್ಲಿ ಕಾರ್ಖಾನೆ’ ಎಂದು ನಕ್ಷೆಗೆ ಬಣ್ಣ ಹಚ್ಚುವುದು ಸುಲಭ. ಆದರೆ ಬದುಕು ದಿನಕ್ಕೆ ಒಂದಂಗುಲದಂತೆ ಸರಿಯುತ್ತದೆ. ಆ ಸರಿಯುವಿಕೆಯಲ್ಲಿ ಯಾವ ಹೊತ್ತಿಗೆ ಬಾಗಿಲು ತಟ್ಟಬೇಕು, ತಟ್ಟಿದ ಮೇಲೆ ಏನು ಹೇಳಬೇಕು, ಕೇಳದಿದ್ದರೆ ಏನು ಮಾಡಬೇಕು ಎಂಬುದು ಜಾರಿ. ಈ ವಿಷಯವನ್ನು ಓದುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದೇ: ಜಾರಿ ಎಷ್ಟು ಕಠಿಣ ಎಂಬುದಕ್ಕಿಂತ ಎಷ್ಟು ಬೇಗ ಎಂಬುದೇ ದೊಡ್ಡದು. ಬೇಗ ಬಂದರೆ ಒಂದು ಮಾತಿನಲ್ಲಿ ಮುಗಿಯುವುದು, ತಡವಾಗಿ ಬಂದರೆ ಬುಲ್ಡೋಜರಿನಲ್ಲೂ ಮುಗಿಯುವುದಿಲ್ಲ.

ನಿಯಮ ಹುಟ್ಟಿದ್ದು ವಾಸನೆಯಿಂದ

ವಲಯ ನಿಯಮ ಎರಡು ಸಂಗತಿಗಳನ್ನು ಹೇಳುತ್ತದೆ. ಜಾಗದಲ್ಲಿ ಏನು ನಡೆಸಬಹುದು ಎಂಬುದು ಒಂದು. ಅದನ್ನು ಭೂ ಬಳಕೆ ಎನ್ನುತ್ತಾರೆ. ಕಟ್ಟಡ ಹೇಗಿರಬೇಕು ಎಂಬುದು ಇನ್ನೊಂದು: ಎಷ್ಟು ಎತ್ತರ, ರಸ್ತೆಯಿಂದ ಮತ್ತು ಪಕ್ಕದ ನಿವೇಶನದಿಂದ ಎಷ್ಟು ಜಾಗ ಬಿಡಬೇಕು, ನಿವೇಶನದ ಎಷ್ಟು ಭಾಗ ಮುಚ್ಚಬಹುದು. ಜಾರಿಯ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಜಾತಿಯವು. ಹೆಚ್ಚುವರಿ ಅಂತಸ್ತನ್ನು ಯಾರು ಬೇಕಾದರೂ ಬೀದಿಯಲ್ಲಿ ನಿಂತು ಎಣಿಸಬಹುದು. ಬಳಕೆ ಹಾಗಲ್ಲ. ಗೋಡೆಗಳು ಅವೇ, ಕಿಟಕಿಗಳು ಅವೇ. ಒಳಗೆ ನಡೆಯುವುದು ಮಾತ್ರ ಬದಲಾಗಿರುತ್ತದೆ.

ಈ ನಿಯಮಗಳ ಮೂಲ ತೀರ ಲೌಕಿಕವಾದದ್ದು: ದುರ್ವಾಸನೆ ಮತ್ತು ಹೊಗೆ. 1810ರಲ್ಲಿ ನೆಪೋಲಿಯನ್ ಆಡಳಿತ ಫ್ರಾನ್ಸಿನ ಕಾರ್ಖಾನೆಗಳನ್ನು ಅವುಗಳ ವಾಸನೆ ಮತ್ತು ಅಪಾಯದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸಿ, ಮೊದಲ ದರ್ಜೆಯವು ಮನೆಗಳಿಂದ ದೂರ ಇರಬೇಕೆಂದು ಆಜ್ಞೆ ಹೊರಡಿಸಿತು. 1891ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್, ಮೇಯರ್ ಫ್ರಾಂಝ್ ಆಡಿಕೆಸ್ ಅವರ ಕಾಲದಲ್ಲಿ, ಇಡೀ ನಗರವನ್ನು ವಲಯಗಳಾಗಿ ಹಂಚಿತು. ನ್ಯೂಯಾರ್ಕ್ 1916ರಲ್ಲಿ ತನ್ನ ವಲಯ ನಿಯಮ ತಂದಿತು. ಓಹಾಯೊದ ಯೂಕ್ಲಿಡ್ ಎಂಬ ಸಣ್ಣ ಊರಿನ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿದ ಮೇಲೆ ಆ ದೇಶದ ಊರೂರಿಗೂ ಅದು ಹರಡಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸದರ್ಲೆಂಡ್ ಕೊಟ್ಟ ಹೋಲಿಕೆ ನೆನಪಿಡುವಂಥದ್ದು: ಉಪದ್ರವ ಎನ್ನುವುದು ಕೆಲವೊಮ್ಮೆ ತಪ್ಪು ಜಾಗದಲ್ಲಿರುವ ಸರಿಯಾದ ವಸ್ತು, ಕೊಟ್ಟಿಗೆಯಲ್ಲಿರಬೇಕಾದ ಹಂದಿ ಪಡಸಾಲೆಯಲ್ಲಿದ್ದ ಹಾಗೆ. ಹನ್ನೆರಡು ಹೊಲಿಗೆ ಯಂತ್ರಗಳಲ್ಲಿ ಕೆಟ್ಟದ್ದೇನೂ ಇಲ್ಲ. ಹದಿನೈದು ಜನರಿಗೆ ಅವು ಅನ್ನ. ತಕರಾರಿರುವುದು ಜಾಗದ ಬಗ್ಗೆ.

ಇದಕ್ಕೂ ಮುಂಚಿನ ಒಂದು ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ. ಲಾಸ್ ಏಂಜಲೀಸಿನ ಹೊರವಲಯದಲ್ಲಿ ಒಬ್ಬಾತ ಇಟ್ಟಿಗೆಗೂಡು ನಡೆಸುತ್ತಿದ್ದ. ಸುತ್ತ ಮನೆಗಳಿರಲಿಲ್ಲ, ಅವನ ಜಾಗ ಆಗ ನಗರದ ಎಲ್ಲೆಯೊಳಗೂ ಇರಲಿಲ್ಲ. ನಗರ ಬೆಳೆದು ಅವನನ್ನು ಸುತ್ತುವರಿಯಿತು, ಮನೆಗಳೆದ್ದವು, ಆ ಪ್ರದೇಶದಲ್ಲಿ ಇಟ್ಟಿಗೆ ಸುಡಬಾರದೆಂಬ ನಿಯಮ ಬಂತು. ಇಟ್ಟಿಗೆ ಮಣ್ಣಿದ್ದ ಆ ನೆಲಕ್ಕೆ 8 ಲಕ್ಷ ಡಾಲರ್ ಬೆಲೆ, ಬೇರೆ ಬಳಕೆಗಾದರೆ ಬರೀ 60 ಸಾವಿರ ಎಂದು ಅವನು ವಾದಿಸಿದ. 1915ರಲ್ಲಿ ಸುಪ್ರೀಂ ಕೋರ್ಟ್ ನಗರದ ಪರ ನಿಂತಿತು. ಮೊದಲು ಬಂದವನು, ಎಲ್ಲವನ್ನೂ ಕ್ರಮವಾಗಿಯೇ ನಡೆಸುತ್ತಿದ್ದವನು, ಆಮೇಲೆ ಬಂದವರಿಗಾಗಿ ಗೂಡು ಆರಿಸಬೇಕಾಯಿತು.

ಅನಂತರದ ವಲಯ ನಿಯಮಗಳು ಸಾಮಾನ್ಯವಾಗಿ ಇಷ್ಟು ಕಠೋರವಾಗಿಲ್ಲ. ನಿಯಮ ಬರುವ ಮೊದಲೇ ಕಾನೂನುಬದ್ಧವಾಗಿ ನಡೆಯುತ್ತಿದ್ದ ಬಳಕೆಯನ್ನು ಮುಂದುವರಿಸಲು ಬಿಡುತ್ತಾರೆ. ಆದರೆ ಅದು ಇದ್ದಷ್ಟೇ ಇರಬೇಕು. ಹಿಗ್ಗಿಸುವ ಹಾಗಿಲ್ಲ, ನಿಗದಿತ ಕಾಲ ನಿಲ್ಲಿಸಿ ಮತ್ತೆ ಆರಂಭಿಸುವ ಹಾಗೂ ಇಲ್ಲ. ಹೀಗಾಗಿ ದೂರು ಬಂದಾಗ ಅಧಿಕಾರಿ ಮೊದಲು ನೋಡಬೇಕಾದದ್ದು ಎರಡು ದಿನಾಂಕಗಳನ್ನು: ನಿಯಮ ಜಾರಿಗೆ ಬಂದದ್ದು ಯಾವಾಗ, ಬಳಕೆ ಶುರುವಾದದ್ದು ಯಾವಾಗ. ಎಷ್ಟೋ ದೂರುಗಳು ಇಲ್ಲಿಗೇ ಬಿದ್ದುಹೋಗುತ್ತವೆ.

ದೂರು ಕೊಡುವವರು ಯಾರು

ಯಾವ ಸ್ಥಳೀಯ ಸಂಸ್ಥೆಯ ಬಳಿಯೂ ಪ್ರತಿ ಬೀದಿಯನ್ನು ದಿನಾ ಸುತ್ತುವಷ್ಟು ಸಿಬ್ಬಂದಿ ಇರುವುದಿಲ್ಲ. ಆದ್ದರಿಂದ ಜಗತ್ತಿನ ಬಹುತೇಕ ಕಡೆ ಜಾರಿ ಹೊರಡುವುದು ನೆರೆಯವರ ದೂರಿನಿಂದ. ಇದರಲ್ಲಿ ಒಂದು ನ್ಯಾಯವಿದೆ. ವಲಯ ನಿಯಮವನ್ನು ಸರ್ಕಾರದ ಅಪ್ಪಣೆ ಎಂದು ನೋಡುವುದಕ್ಕಿಂತ ಬೀದಿಯವರೆಲ್ಲ ಒಬ್ಬರಿಗೊಬ್ಬರು ಕೊಟ್ಟ ಮಾತು ಎಂದು ನೋಡಿದರೆ ಅರ್ಥವಾಗುತ್ತದೆ. ನಾನು ಜಾಗ ಬಿಟ್ಟು ಕಟ್ಟಿದ್ದು ನೀವೂ ಬಿಡುತ್ತೀರಿ ಎಂಬ ನಂಬಿಕೆಯಿಂದ. ಹಾಗೆ ಬಿಟ್ಟರೆ ಇಬ್ಬರ ಕಿಟಕಿಗೂ ಬೆಳಕು. ನೀವು ಬಿಡದೆ ಕಟ್ಟಿದರೆ ನನ್ನ ಪಾಲಿನ ಗಾಳಿ ಬೆಳಕನ್ನೂ ನೀವೇ ತೆಗೆದುಕೊಂಡ ಹಾಗಾಯಿತು. ದೂರು ಕೊಡುವ ನೆರೆಯವರನ್ನು ಹೊಟ್ಟೆಕಿಚ್ಚಿನವರು, ಕೆಲಸವಿಲ್ಲದವರು ಎಂದು ಜರೆಯುವುದು ಎಲ್ಲ ಕಡೆ ಇರುವ ಚಾಳಿ. ಅದು ಅನ್ಯಾಯ. ಮುರಿದ ಮಾತಿನಲ್ಲಿ ಅವರದೂ ಒಂದು ಪಾಲಿರುತ್ತದೆ.

ನಮ್ಮ ಸುಪ್ರೀಂ ಕೋರ್ಟ್ ಇದನ್ನು 1974ರಲ್ಲೇ ಸ್ಪಷ್ಟವಾಗಿ ಹೇಳಿದೆ, ಉಡುಪಿಯ ಒಂದು ಪ್ರಕರಣದಲ್ಲಿ. ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಭವನಕ್ಕೆಂದು ಒಪ್ಪಿಗೆ ಪಡೆದ ಕಟ್ಟಡವನ್ನು ಚಿತ್ರಮಂದಿರ ಮಾಡಲು ಪುರಸಭೆ ಒಪ್ಪಿಕೊಂಡಿತ್ತು. ಆದರೆ ಅಲ್ಲಿನ ನಗರ ಯೋಜನೆಯ ಪ್ರಕಾರ ಆ ಜಾಗದಲ್ಲಿ ಚಿತ್ರಮಂದಿರ ಇರಕೂಡದು. ಪಕ್ಕದ ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ತೀರ್ಪು ಎರಡು ಮಾತು ಹೇಳಿತು. ವಸತಿ ಪ್ರದೇಶದಲ್ಲಿ ಅಕ್ರಮವಾಗಿ ಏಳುವ ಚಿತ್ರಮಂದಿರ ಅಲ್ಲಿ ವಾಸಿಸುವವರ ಆಸ್ತಿಯ ಅನುಭೋಗಕ್ಕೇ ಧಕ್ಕೆ ತರುತ್ತದೆ, ಆದ್ದರಿಂದ ಅವರಿಗೆ ಪ್ರಶ್ನಿಸುವ ಹಕ್ಕಿದೆ. ಪುರಸಭೆ ತನಗಿಲ್ಲದ ಅಧಿಕಾರ ಬಳಸಿ ಕೊಟ್ಟ ಪರವಾನಗಿಗೆ ಬೆಲೆಯಿಲ್ಲ. ಯಾರೋ ಸುಮ್ಮನಿದ್ದರು ಎಂಬ ಕಾರಣಕ್ಕೆ ಅದು ಸಿಂಧುವಾಗುವುದೂ ಇಲ್ಲ. ‘ಪರವಾನಗಿ ಇದೆ’ ಎಂದು ಕಾಗದ ತೋರಿಸುವವರ ಎದುರು ಸಾಮಾನ್ಯ ನಾಗರಿಕ ಬಾಯಿ ಮುಚ್ಚುತ್ತಾನಲ್ಲ, ಅಲ್ಲಿ ಈ ತೀರ್ಪನ್ನು ನೆನೆಯಬೇಕು. ಮೊದಲ ಪ್ರಶ್ನೆ ಪರವಾನಗಿ ಇದೆಯೇ ಎಂದು. ಎರಡನೆಯದು, ಅದನ್ನು ಕೊಡುವ ಅಧಿಕಾರ ಅವರಿಗಿತ್ತೇ ಎಂದು.

ಆದರೆ ದೂರನ್ನೇ ನಂಬಿದ ಜಾರಿಗೆ ಒಂದು ಕರಾಳ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ದೂರು ಬರುವುದು ಜೋರು ಬಾಯಿರುವವರಿಂದ, ಬೀಳುವುದು ಬಲವಿಲ್ಲದವರ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಅನುಮತಿ ಪಡೆಯಬೇಕೆಂಬ ನಿಯಮವಿತ್ತು. ಬೆಂಕಿಯ ಭಯದಿಂದ ಮಾಡಿದ, ಓದಲು ನಿರ್ದೋಷವಾದ ನಿಯಮ. ಅನುಮತಿ ಕೇಳಿದ ಸುಮಾರು 200 ಚೀನೀಯರಿಗೆ ಅದು ಸಿಗಲಿಲ್ಲ; ಚೀನೀಯರಲ್ಲದ ಸುಮಾರು 80 ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ನಿಯಮದ ಅಕ್ಷರ ನಿಷ್ಪಕ್ಷಪಾತವಾಗಿದ್ದರೂ ಜಾರಿ ಮಾಡುವ ಕೈ ಪಕ್ಷಪಾತಿಯಾದರೆ ಅದು ಸಮಾನತೆಯ ಉಲ್ಲಂಘನೆ ಎಂದು 1886ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇನ್ನೊಂದು ಪ್ರಸಂಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಓಹಾಯೊದ ಈಸ್ಟ್ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ಮನೆಯಲ್ಲಿ ಒಂದೇ ಕುಟುಂಬ ಇರಬೇಕೆಂಬ ನಿಯಮವಿತ್ತು. ‘ಕುಟುಂಬ’ ಎಂದರೇನು ಎಂದೂ ಅದು ಬಿಡಿಸಿ ಹೇಳಿತ್ತು. ಒಬ್ಬ ಅಜ್ಜಿಯ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದರು. ಅವರು ಒಡಹುಟ್ಟಿದವರಲ್ಲ, ಇಬ್ಬರು ಮಕ್ಕಳ ಮಕ್ಕಳು. ನಿಯಮದ ಲೆಕ್ಕಕ್ಕೆ ಅದು ಒಂದು ಕುಟುಂಬವಾಗಲಿಲ್ಲ. ಆಕೆಗೆ ಐದು ದಿನ ಜೈಲು, 25 ಡಾಲರ್ ದಂಡ. 1977ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ವಸತಿ ಪ್ರದೇಶದ ನೆಮ್ಮದಿ ಕಾಪಾಡುತ್ತೇವೆ ಎಂದು ಹೊರಟವರು ಯಾವ ಮಟ್ಟಕ್ಕೆ ಇಳಿಯಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೋಡಬೇಕಾದದ್ದು ಮನೆಯೊಳಗಿನ ಚಟುವಟಿಕೆ ಹೊರಗೆ ಏನು ಚೆಲ್ಲುತ್ತಿದೆ ಎಂಬುದನ್ನು: ಸದ್ದು, ಹೊಗೆ, ವಾಹನ, ಬೆಂಕಿಯ ಅಪಾಯ, ಚರಂಡಿಯ ಮೇಲಿನ ಹೊರೆ. ಒಳಗಿರುವವರು ಯಾರು ಎಂಬ ಪ್ರಶ್ನೆ ಎದ್ದ ಕೂಡಲೇ ಜಾರಿ ಹಾದಿ ತಪ್ಪಿತು ಎಂದೇ ತಿಳಿಯಬೇಕು.

ಬಾಗಿಲಲ್ಲಿ ನಿಂತ ಅಧಿಕಾರಿ

ದೂರು ಬಂತು, ಪರಿಶೀಲನೆಗೆ ಅಧಿಕಾರಿ ಹೊರಟರು. ಇನ್ನು ಮುಂದಿನದು ಸಾಕ್ಷ್ಯದ ಕೆಲಸ. ಬಹಳಷ್ಟು ಪ್ರಕರಣಗಳು ನ್ಯಾಯಾಲಯದಲ್ಲಿ ಸೋಲುವುದು ಕಾನೂನು ದುರ್ಬಲವಾಗಿರುವುದರಿಂದಲ್ಲ, ಮಹಜರು ದುರ್ಬಲವಾಗಿರುವುದರಿಂದ ಎಂದು ನನ್ನ ನಂಬಿಕೆ. ‘ವಾಣಿಜ್ಯ ಚಟುವಟಿಕೆ ಕಂಡುಬಂದಿದೆ’ ಎಂಬ ಒಂದು ಸಾಲಿನ ವರದಿಯಿಂದ ಏನೂ ಸಾಬೀತಾಗುವುದಿಲ್ಲ.

ನಮ್ಮ ಹೊಲಿಗೆ ಮನೆಗೆ ಒಳ್ಳೆಯ ಅಧಿಕಾರಿಯೊಬ್ಬರು ಹೋದರು ಎನ್ನೋಣ. ಅವರ ಪುಸ್ತಕದಲ್ಲಿ ಏನಿರುತ್ತದೆ? ಮಂಗಳವಾರ ಬೆಳಿಗ್ಗೆ 5.40, ಗೇಟಿನ ಮುಂದೆ ಸರಕು ವಾಹನ, ಇಳಿಸಿದ ಗಂಟುಗಳ ಸಂಖ್ಯೆ. ಅದೇ ದಿನ 9.10ರಿಂದ 9.30ರೊಳಗೆ ಒಳಗೆ ಹೋದ ಜನರ ಲೆಕ್ಕ. ಯಂತ್ರಗಳೆಷ್ಟು, ಪ್ರತಿಯೊಂದರ ಮೋಟಾರಿನ ಫಲಕದ ಮೇಲೆ ಬರೆದ ವ್ಯಾಟ್ ಎಷ್ಟು. ಒಟ್ಟು ನೆಲದ ಅಳತೆ ಎಷ್ಟು, ಅದರಲ್ಲಿ ಕೆಲಸಕ್ಕೆ ಬಳಸುತ್ತಿರುವುದು ಎಷ್ಟು. ಅಡುಗೆಮನೆ ಅಡುಗೆಮನೆಯಾಗಿಯೇ ಇದೆಯೇ, ಅಲ್ಲಿ ದಾರದ ಉಂಡೆಗಳ ಪೆಟ್ಟಿಗೆಗಳಿವೆಯೇ. ವಿದ್ಯುತ್ ಸಂಪರ್ಕ ಗೃಹಬಳಕೆಯದೋ ವಾಣಿಜ್ಯದ್ದೋ. ಈ ಲೆಕ್ಕ ಒಂದೇ ಭೇಟಿಯಲ್ಲಿ ಸಿಗುವುದಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು, ಏಕೆಂದರೆ ಬಳಕೆ ಎಂಬುದು ಒಂದು ಅಭ್ಯಾಸ. ಒಂದು ಮಧ್ಯಾಹ್ನ ಹತ್ತು ಜನ ಬಂದುಹೋದರೆ ಅದು ನೆಂಟರ ಸಂತೆಯೂ ಇರಬಹುದು.

ಮನೆಯೊಳಗೆ ಕಾಲಿಡಲು ಅಧಿಕಾರಿಗೆ ಮನಬಂದಂತೆ ಹಕ್ಕಿದೆಯೇ? ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದ್ದೇ ಇನ್ನೊಂದು ಪ್ರಕರಣವಿದೆ, ನಮ್ಮ ಕಥೆಗೆ ಸರಿಯಾಗಿ ತಿರುವುಮುರುವು. ವಾಸಕ್ಕೆ ಅನುಮತಿಯಿಲ್ಲದ ಕೆಳ ಅಂತಸ್ತಿನ ಹಿಂಭಾಗದಲ್ಲಿ ಒಬ್ಬ ಬಾಡಿಗೆದಾರ ವಾಸವಾಗಿದ್ದ. ಪರಿಶೀಲನೆಗೆ ಬಂದವರನ್ನು ಅವನು ಒಳಗೆ ಬಿಡಲಿಲ್ಲ, ಮೊಕದ್ದಮೆ ಹೂಡಿದರು. 1967ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು: ನಿವಾಸಿ ಒಪ್ಪದಿದ್ದರೆ ತುರ್ತು ಸಂದರ್ಭ ಬಿಟ್ಟು ಉಳಿದಂತೆ ವಾರಂಟ್ ತರಬೇಕು, ವಾರಂಟ್ ಇಲ್ಲವೆಂದು ಬಾಗಿಲು ತೆರೆಯದವನನ್ನು ಶಿಕ್ಷಿಸುವಂತಿಲ್ಲ. ದೇಶದಿಂದ ದೇಶಕ್ಕೆ ವಿಧಾನ ಬೇರೆಯಾದರೂ ಈ ತತ್ವದ ತಿರುಳು ಬಹುಪಾಲು ಕಡೆ ಒಂದೇ. ವಸತಿ ವಲಯವನ್ನು ಕಾಪಾಡುವ ನಿಯಮ ವಸತಿಯ ಹೊಸ್ತಿಲನ್ನೇ ತುಳಿಯಬಾರದು.

ನೋಟಿಸ್, ಉತ್ತರ, ಆದೇಶ

ಉಲ್ಲಂಘನೆ ಖಚಿತವಾದ ಮೇಲೆ ಕಾರಣ ಕೇಳುವ ನೋಟಿಸ್. ಇದನ್ನು ಬರೀ ಔಪಚಾರಿಕತೆ ಎಂದು ತಿಳಿದವರೇ ಹೆಚ್ಚು. ನನ್ನ ಮಟ್ಟಿಗೆ ಇಡೀ ಜಾರಿಯ ಬೆನ್ನೆಲುಬು ಇದೇ. ಒಳ್ಳೆಯ ನೋಟಿಸ್ ಯಾವ ಕಟ್ಟಡ, ಯಾವ ನಿಯಮ, ಯಾವ ದಿನ ಏನು ಕಂಡಿತು, ಏನು ಮಾಡಿದರೆ ಸರಿಹೋಗುತ್ತದೆ, ಎಷ್ಟು ದಿನದೊಳಗೆ, ಒಪ್ಪದಿದ್ದರೆ ಮೇಲ್ಮನವಿ ಎಲ್ಲಿಗೆ ಎಂಬುದನ್ನೆಲ್ಲ ಹೇಳುತ್ತದೆ. ಇವುಗಳಲ್ಲಿ ‘ಏನು ಮಾಡಿದರೆ ಸರಿಹೋಗುತ್ತದೆ’ ಎಂಬುದೇ ಹೆಚ್ಚಾಗಿ ತಪ್ಪಿಹೋಗುವುದು. ಹತ್ತು ಯಂತ್ರ ಬೇರೆಡೆಗೆ ಸಾಗಿಸಿ ಎರಡು ಉಳಿಸಿಕೊಂಡರೆ ಸಾಕೇ, ಎಲ್ಲವನ್ನೂ ನಿಲ್ಲಿಸಬೇಕೇ? ಇದನ್ನು ಹೇಳದ ನೋಟಿಸ್ ಬರೀ ಬೆದರಿಕೆ. ಬೆದರಿಕೆಗೆ ಜನ ತಲೆಬಾಗುವುದು ಕಡಿಮೆ. ಮಧ್ಯವರ್ತಿಯನ್ನು ಹುಡುಕುವುದೇ ಹೆಚ್ಚು.

ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಬಳಕೆ ಬದಲಿಸುವುದು ತನ್ನಷ್ಟಕ್ಕೆ ಅಪರಾಧವಲ್ಲ. ಸ್ಥಳೀಯ ಸಂಸ್ಥೆ ಜಾರಿ ನೋಟಿಸ್ ಕೊಟ್ಟು, ಅದರ ಗಡುವು ಮುಗಿದರೂ ಪಾಲಿಸದಿದ್ದಾಗ ಅಪರಾಧವಾಗುತ್ತದೆ. ನೋಟಿಸ್ ಕೊಡಬೇಕೋ ಬೇಡವೋ ಎಂಬುದೂ ಸಂಸ್ಥೆಯ ವಿವೇಚನೆ. ಯಾರಿಗೂ ತೊಂದರೆಯಾಗದ ಸಣ್ಣ ಲೋಪಕ್ಕೆ ಕತ್ತಿ ಎತ್ತಬೇಕಾಗಿಲ್ಲ. ಈ ಹಂತ ಹಂತದ ಕ್ರಮ ನನಗೆ ಹಿಡಿಸುತ್ತದೆ. ತಿಳಿಯದೆ ತಪ್ಪಿದವನಿಗೂ ತಿಳಿದೇ ತಪ್ಪಿದವನಿಗೂ ನಡುವೆ ಅದು ಗೆರೆ ಎಳೆಯುತ್ತದೆ. ಅಮೆರಿಕದ ಅನೇಕ ನಗರಗಳಲ್ಲಿ ಉಲ್ಲಂಘನೆ ಮುಂದುವರಿದ ಪ್ರತಿ ದಿನವನ್ನೂ ಪ್ರತ್ಯೇಕ ತಪ್ಪೆಂದು ಎಣಿಸುತ್ತಾರೆ. ಒಂದೇ ಸಲ ಕಟ್ಟಿ ಮರೆಯುವ ದಂಡ ವ್ಯಾಪಾರಿಗೆ ಇನ್ನೊಂದು ಖರ್ಚಷ್ಟೇ. ದಿನಾ ಬೆಳೆಯುವ ದಂಡ ನಿದ್ದೆ ಕೆಡಿಸುತ್ತದೆ.

ತೆರವಿನ ಮಾತು ಬಂದಾಗಂತೂ ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಬಾರದು. ಭಾರತದ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಆರೋಪಿಗಳ ಮನೆಗಳನ್ನು ಬುಲ್ಡೋಜರ್ ತಂದು ಕೆಡಹುತ್ತಿದ್ದ ಪ್ರಕರಣಗಳಲ್ಲಿ, ಕನಿಷ್ಠ 15 ದಿನಗಳ ನೋಟಿಸ್, ಖುದ್ದು ವಿಚಾರಣೆ, ಕಾರಣ ಸಹಿತ ಆದೇಶ, ಆದೇಶದ ಮೇಲೂ ಕಾಲಾವಕಾಶ ಕಡ್ಡಾಯ ಎಂದಿತು. ರಸ್ತೆ, ಪಾದಚಾರಿ ಮಾರ್ಗ, ನೀರಿನ ಮೂಲಗಳಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಮತ್ತು ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೆ ಮಾತ್ರ ಇದರಿಂದ ವಿನಾಯಿತಿ. ಕಟ್ಟಡ ಅಕ್ರಮವೆಂಬ ನೆಪದಲ್ಲಿ ಬೇರೆ ಸಿಟ್ಟು ತೀರಿಸಿಕೊಳ್ಳಲು ವಲಯ ನಿಯಮ ಆಯುಧವಾಗಬಾರದು.

ತಡದ ಬೆಲೆ

ಇಂಗ್ಲೆಂಡಿನ ಸರ್ರಿಯಲ್ಲಿ ಒಬ್ಬ ರೈತ ತನ್ನ ಜಮೀನಿನಲ್ಲಿ ಅನುಮತಿಯಿಲ್ಲದೆ ಕೋಟೆಯ ಆಕಾರದ ಮನೆ ಕಟ್ಟಿದ, ಗೋಪುರಗಳ ಸಮೇತ. ಅದನ್ನು ಹುಲ್ಲಿನ ಪಿಂಡಿಗಳ ದೊಡ್ಡ ಗೋಡೆ ಮತ್ತು ಟಾರ್ಪಾಲಿನ ಹಿಂದೆ ಮರೆಮಾಡಿ ಕುಟುಂಬದೊಂದಿಗೆ ವಾಸಿಸಿದ. ಕಟ್ಟಡ ಮುಗಿದು ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ದರೆ ಕ್ರಮ ಜರುಗಿಸುವಂತಿಲ್ಲ ಎಂಬ ನಿಯಮ ಆಗ ಇತ್ತು. ಅವನ ಲೆಕ್ಕಾಚಾರ ಅದರ ಮೇಲೆ. 2006ರಲ್ಲಿ ಹುಲ್ಲು ಸರಿಸಿ ಮನೆ ತೋರಿಸಿದ. ಹುಲ್ಲಿನ ಮರೆಯೂ ಕಟ್ಟಡ ಕಾರ್ಯದ ಭಾಗವೇ, ಅದನ್ನು ತೆಗೆದ ಮೇಲಷ್ಟೇ ಕೆಲಸ ಮುಗಿಯಿತು ಎಂದು ತೀರ್ಮಾನವಾಯಿತು. ಸುದೀರ್ಘ ಹೋರಾಟದ ಕೊನೆಗೆ 2016ರಲ್ಲಿ ಮನೆಯನ್ನು ಕೆಡವಲಾಯಿತು. 2024ರ ಏಪ್ರಿಲ್‌ನಿಂದ ಇಂಗ್ಲೆಂಡ್ ಆ ನಾಲ್ಕು ವರ್ಷದ ಮಿತಿಯನ್ನೇ ತೆಗೆದು ಎಲ್ಲಕ್ಕೂ ಹತ್ತು ವರ್ಷ ಮಾಡಿದೆ.

ಹುಲ್ಲಿನ ಪಿಂಡಿ ಅಪರೂಪ. ಬಹುಪಾಲು ಅಕ್ರಮಗಳು ಯಾರಿಂದಲೂ ಬಚ್ಚಿಟ್ಟುಕೊಂಡಿರುವುದಿಲ್ಲ. ನೋಡಬೇಕಾದವರು ನೋಡುವುದಿಲ್ಲ, ಅಷ್ಟೇ. ದೆಹಲಿಯಲ್ಲಿ ಆದದ್ದು ಇದೇ. ದಶಕಗಳ ಕಾಲ ವಸತಿ ಕಟ್ಟಡಗಳಲ್ಲಿ ಅಂಗಡಿ, ಕಚೇರಿ, ಗೋದಾಮು ಬೆಳೆದವು. 2006ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವುಗಳಿಗೆ ಬೀಗಮುದ್ರೆ ಹಾಕಲು ಆದೇಶಿಸಿತು. ಅಷ್ಟು ಹೊತ್ತಿಗೆ ಆ ಅಕ್ರಮವನ್ನೇ ನಂಬಿ ಬದುಕುತ್ತಿದ್ದವರ ಸಂಖ್ಯೆ ಎಷ್ಟಿತ್ತೆಂದರೆ ಬೀದಿಗಳು ಉರಿದವು. ಅದೇ ಮೇ ತಿಂಗಳಲ್ಲಿ ಸಂಸತ್ತು ಒಂದು ವರ್ಷದ ಮಟ್ಟಿಗೆ ಕ್ರಮ ತಡೆಯುವ ಕಾನೂನು ಮಾಡಿತು, ಆಮೇಲೆ ಅದನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಹೋಯಿತು. ಮೊದಲ ಅಂಗಡಿ ತೆರೆದ ವಾರದಲ್ಲಿ ಒಬ್ಬ ಪರಿಶೀಲಕ ಒಂದು ನೋಟಿಸಿನಿಂದ ಮುಗಿಸಬಹುದಾಗಿದ್ದ ಸಂಗತಿ ಸಂಸತ್ತಿನ ತನಕ ಹೋಯಿತು.

ತಡದಲ್ಲಿ ಇರುವ ಕ್ರೌರ್ಯ ಇದು. ದಿನ ಕಳೆದಂತೆ ಉಲ್ಲಂಘಿಸಿದವನ ಬಂಡವಾಳ ಬೆಳೆಯುತ್ತದೆ, ಅವನ ಮೇಲೆ ಅವಲಂಬಿಸಿದವರ ಸಂಖ್ಯೆ ಬೆಳೆಯುತ್ತದೆ, ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಯ ತೂಕವೂ ಬೆಳೆಯುತ್ತದೆ. ಕೊನೆಗೆ ಯಾವ ತೀರ್ಮಾನ ಮಾಡಿದರೂ ಯಾರಿಗೋ ಅನ್ಯಾಯ. ಕೆಡವಿದರೆ ಕೆಲಸಗಾರರು ಬೀದಿಗೆ. ಬಿಟ್ಟರೆ ನಿಯಮ ಪಾಲಿಸಿದ ನೆರೆಯವರು ಮೂರ್ಖರಾಗುತ್ತಾರೆ. ದೆಹಲಿ ಪಕ್ಕದ ನೋಯ್ಡಾದಲ್ಲಿ ಎದ್ದ ಜೋಡಿ ವಸತಿ ಗೋಪುರಗಳಲ್ಲಿ ಉಲ್ಲಂಘನೆ ಬಳಕೆಯದಲ್ಲ, ಕಟ್ಟಡಗಳ ನಡುವೆ ಬಿಡಬೇಕಾದ ಅಂತರದ್ದು. ಅಲ್ಲೂ ಪಾಠ ಅದೇ. ನಿವಾಸಿಗಳ ಸಂಘ 2012ರಲ್ಲಿ ಹೈಕೋರ್ಟಿಗೆ ಹೋಯಿತು, 2014ರಲ್ಲಿ ಕೆಡವುವ ಆದೇಶ ಬಂತು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2022ರ ಆಗಸ್ಟ್ 28ರಂದು ಸ್ಫೋಟಕ ಇಟ್ಟು ಉರುಳಿಸಿದರು. ಕಾಗದದ ಮೇಲೆ ಪೆನ್ಸಿಲಿನಿಂದ ತಿದ್ದಬಹುದಾಗಿದ್ದ ಅಳತೆ ಅದು.

ಇನ್ನು ಸಕ್ರಮಗೊಳಿಸುವ ಯೋಜನೆಗಳು. ದಂಡ ಕಟ್ಟಿಸಿಕೊಂಡು ಅಕ್ರಮವನ್ನು ಒಪ್ಪಿಕೊಳ್ಳುವುದು ಕೆಲವೊಮ್ಮೆ ಅನಿವಾರ್ಯ. ಇಡೀ ಬಡಾವಣೆಯನ್ನು ಕೆಡವಲು ಯಾರಿಂದಲೂ ಆಗದು. ಆದರೆ ಅದು ಪದೇ ಪದೇ ಬಂದರೆ ಜನ ದಂಡವನ್ನು ಮುಂಗಡವಾಗಿಯೇ ಲೆಕ್ಕ ಹಾಕಿ ಕಟ್ಟಡ ಎತ್ತುತ್ತಾರೆ. ಅಗ್ನಿಶಾಮಕ ವಾಹನ ಹೋಗಲಾರದ ಸಂದಿಯನ್ನು ಯಾವ ದಂಡವೂ ಅಗಲ ಮಾಡುವುದಿಲ್ಲ.

ಕೀಲಿ ಬೇರೆಯವರ ಕೈಯಲ್ಲಿ

ಬೇಗ ಹಿಡಿಯುವುದು ಹೇಗೆ ಎಂಬುದಕ್ಕೆ ಈಚೆಗೆ ಬಂದಿರುವ ಒಳ್ಳೆಯ ಉತ್ತರ: ಉಲ್ಲಂಘನೆಗೆ ಬೇಕಾದ ವಸ್ತುಗಳನ್ನು ಕೊಡುವವರ ಬಳಿಯೇ ತಪಾಸಣೆ ಇಡುವುದು. ಮೀರತ್‌ನಲ್ಲಿ ವಸತಿ ನಿವೇಶನದ ಮೇಲೆ ಅಂಗಡಿಗಳ ಕಟ್ಟಡ ಎಬ್ಬಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟ ನಿರ್ದೇಶನಗಳು ಇದೇ ದಾರಿಯವು. ಕಟ್ಟುತ್ತಿರುವ ಜಾಗದಲ್ಲಿ ಮಂಜೂರಾದ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಟ್ಟಡ ನಕ್ಷೆಯಂತೆಯೇ ಇದೆ, ಬಳಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡುವಾಗಲೂ ಅದನ್ನು ನೋಡಬೇಕು. ವರ್ಷಗಳ ವಿಳಂಬವಾಗಲಿ, ಸುರಿದ ಹಣವಾಗಲಿ ಅಕ್ರಮಕ್ಕೆ ರಕ್ಷಣೆಯಾಗದು ಎಂದೂ ತೀರ್ಪು ಹೇಳಿತು.

ನ್ಯೂಯಾರ್ಕ್ ನಗರ ಅಲ್ಪಾವಧಿ ಬಾಡಿಗೆಯ ವಿಷಯದಲ್ಲಿ ಇದೇ ಉಪಾಯ ಬಳಸಿತು. ಮನೆಗಳು ದಿನಬಾಡಿಗೆಯ ವಸತಿಗೃಹಗಳಾಗುವುದನ್ನು ಪರಿಶೀಲಕರು ಬಾಗಿಲು ಬಾಗಿಲು ತಟ್ಟಿ ತಡೆಯಲಾಗಲಿಲ್ಲ. 2023ರ ಸೆಪ್ಟೆಂಬರ್‌ನಿಂದ ನೋಂದಣಿಯಿಲ್ಲದ ಮನೆಯ ಬುಕಿಂಗ್‌ಗೆ ಹಣ ಪಾವತಿ ನಡೆಸಬಾರದೆಂದು ಜಾಲತಾಣಗಳಿಗೇ ಕಟ್ಟುಪಾಡು ಹಾಕಿತು. ಯಾರ ಮಲಗುವ ಕೋಣೆಗೂ ಇಣುಕಬೇಕಾಗಲಿಲ್ಲ. ಹಣ ಹರಿಯುವ ಕೊಳವೆಗೆ ಒಂದು ತಿರುಪು ಸಾಕಾಯಿತು.

ಅಳೆಯಬಹುದಾದ ನಿಯಮ

ಇಷ್ಟೆಲ್ಲ ಆದರೂ ನಿಯಮವೇ ಮಸುಕಾಗಿದ್ದರೆ ಜಾರಿ ನಡೆಯದು. ‘ವಸತಿ ಸ್ವರೂಪಕ್ಕೆ ಧಕ್ಕೆಯಾಗದಂತೆ’, ‘ಸಣ್ಣ ಪ್ರಮಾಣದ’, ‘ಸಮಂಜಸವಾದ’ ಎಂಬ ಮಾತುಗಳನ್ನು ಒಬ್ಬೊಬ್ಬ ಅಧಿಕಾರಿ ಒಂದೊಂದು ರೀತಿ ಅಳೆಯುತ್ತಾನೆ. ಲಂಚ ಹುಟ್ಟುವ ಜಾಗವೂ ಈ ಮಸುಕೇ. ಪೂರ್ತಿ ನಿಷೇಧವೂ ಪರಿಹಾರವಲ್ಲ. ಮನೆಯಲ್ಲಿ ಕುಳಿತು ದುಡಿಯುವವರನ್ನೆಲ್ಲ ಅಪರಾಧಿಗಳನ್ನಾಗಿ ಮಾಡುವ ನಿಯಮವನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಬೇಕೆಂದು ನಾನೂ ಹೇಳಲಾರೆ.

ಈ ವಿಷಯದಲ್ಲಿ ಜಪಾನಿನ ಕ್ರಮ ನನಗೆ ಬಹಳ ಮೆಚ್ಚುಗೆ. ಅಲ್ಲಿ ವಲಯಗಳ ಬಗೆಗಳನ್ನು ರಾಷ್ಟ್ರ ಮಟ್ಟದಲ್ಲೇ ಗೊತ್ತುಮಾಡಿದ್ದಾರೆ, ಒಟ್ಟು 13. ಅತ್ಯಂತ ಕಟ್ಟುನಿಟ್ಟಿನ, ತಗ್ಗು ಮನೆಗಳ ವಲಯದಲ್ಲೂ ವಾಸದ ಮನೆಯೊಳಗೆ ಸಣ್ಣ ಉದ್ಯೋಗ ನಡೆಸಬಹುದು. ಷರತ್ತುಗಳೆಲ್ಲ ಅಂಕಿಯಲ್ಲಿವೆ. ಕೆಲಸದ ಜಾಗ 50 ಚದರ ಮೀಟರ್ ಮೀರಬಾರದು. ಮನೆಯ ಒಟ್ಟು ನೆಲದ ಅರ್ಧಕ್ಕಿಂತ ಕಡಿಮೆ ಇರಬೇಕು. ದರ್ಜಿ ಅಂಗಡಿಯಂಥ ಕಸುಬಿನಲ್ಲಿ ಮೋಟಾರುಗಳನ್ನು ಬಳಸಿದರೆ ಅವುಗಳ ಒಟ್ಟು ಸಾಮರ್ಥ್ಯ 0.75 ಕಿಲೊವ್ಯಾಟ್ ದಾಟಬಾರದು. ಹೊಲಿಯುವವರು ಯಾರು, ನೆರೆಯವರಿಗೆ ಅವರ ಮೇಲೆ ಎಷ್ಟು ಸಿಟ್ಟು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಟೇಪು ಹಿಡಿದು ಅಳೆಯಬೇಕು, ಮೋಟಾರಿನ ಫಲಕ ಓದಬೇಕು, ಕೂಡಬೇಕು. ಆ ಲೆಕ್ಕವನ್ನು ಅಧಿಕಾರಿ ಮಾಡಿದರೂ ಒಂದೇ, ಮನೆಯಾಕೆ ತಾವೇ ಮಾಡಿಕೊಂಡರೂ ಒಂದೇ ಉತ್ತರ.

ಈ ಅಳತೆಯನ್ನು ನಮ್ಮ ಬೀದಿಯ ಮನೆಗೆ ಹಿಡಿದು ನೋಡಿ. ಮನೆಬಳಕೆಯ ಹೊಲಿಗೆ ಯಂತ್ರದ ಮೋಟಾರು ಸುಮಾರು 100 ವ್ಯಾಟ್. ಅಂಥವು ಏಳು ಒಟ್ಟಿಗೆ ಓಡಿದರೂ ಮಿತಿಯೊಳಗೇ ಇರುತ್ತವೆ. ಉಡುಪು ಕಾರ್ಖಾನೆಗಳ ಯಂತ್ರದ್ದು 400 ವ್ಯಾಟ್ ಎಂದು ಹಿಡಿದರೂ ಒಂದಕ್ಕೆ ಅಡ್ಡಿಯಿಲ್ಲ, ಎರಡಾದರೆ ಮೀರಿತು. ಅಂದರೆ ಗೆರೆ ದಾಟಿದ್ದು ಹನ್ನೆರಡನೆಯ ಯಂತ್ರ ಬಂದಾಗ ಅಲ್ಲ, ಎರಡನೆಯ ದೊಡ್ಡ ಮೋಟಾರು ಹೊಸ್ತಿಲು ದಾಟಿದ ದಿನ. ಆ ದಿನ ಅಲ್ಲಿ ಕೆಲಸಕ್ಕಿದ್ದವರು ಒಬ್ಬರೇ. ಗುತ್ತಿಗೆಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಮಂಚ ಇನ್ನೂ ಇತ್ತು.